ಹಾಲಮ್ಮನಾಟಕ್ಕೆ ಹಾಲಮ್ಮನ ಹೆಸರು

ಹಂಗನ್ನಬ್ಯಾಡ ಸುಮಂತ. ಆಟಕ್ಕೆ ಬೈಯಿ, ಬೇಕಾದ್ರೆ ನನಗೂ ಬೈಯಿ, ಹಾಲಮ್ಮಂಗೆ ತಲೆ ಇರಲಿಲ್ಲ ಅಂತ ಮಾತ್ರ ಅನ್ನಬ್ಯಾಡ. ಕವಡೆ ಕೆಳಗಿಡು. ಇಡು ಅಂದೆ. ಅನೂ, ನೀನೂ ಹಲ್ಲು ಕಿಸಿಯಬ್ಯಾಡ, ಬಾ, ಈ ಮೆಟ್ಟಿಲ ಮೇಲೆ ಕೂತ್ಕೊ. ಗೊತ್ತಪ್ಪ ನನಗೂ, ನಿಮ್ಮ ಫೋನಿನಾಗಿರೋ ಲೂಡೋದಾಗೆ ಮೊದ್ಲು ಮನೆ ಸೇರಿದೋನು ಗೆದ್ದ. ಚೌಕಾಬಾರದಾಗೂ ಹಂಗೇ. ಇದೊಂದರಾಗೆ ಮಾತ್ರ ಎಲ್ಲಾರಿಗಿಂತ ಕೊನೆಗೆ ಒಳಗೆ ಹೋದೋನು ಗೆದ್ದ. ಯಾರ ಕಾಯಿನೂ ಯಾರೂ ಕಡಿಯಂಗಿಲ್ಲ. ಇನ್ನೊಬ್ಬರ ಕಾಯಿ ಇರೋ ಮನೆಗೆ ನಿನ್ನ ಕಾಯಿ ಬಂತೋ, ಅದನ್ನ ಜೊತೆಗೆ ಕರ್ಕೊಂಡು ನಡುಮನೆ ಮುಟ್ಟಿಸಬೇಕು, ಅದು ಹಣ್ಣಾಗ್ತೈತೆ, ಅಂದ್ರೆ ಅದರ ಆಟ ಮುಗೀತು, ನೀನು ಮಾತ್ರ ವಾಪಸ್ ನಿನ್ನ ಕಟ್ಟೆಗೆ ಬರಬೇಕು. ಹೊರಗೆ ಬೇರೆ ಯಾರೂ ಇಲ್ಲ ಅಂತಾದ ಮೇಲೆ ನಿಂದು ಒಳಗೆ. ಹುಚ್ಚರ ಆಟ ಅಂತೀಯ. ಇರಬಹುದು. ನಿಮ್ಮಮ್ಮನೂ ಚಿಕ್ಕೋಳಿದ್ದಾಗ ಕೇಳಿದ್ಲು, ಯಾರವ್ವ ಹಾಲಮ್ಮ ಅಂದ್ರೆ, ಅಂತ. ನಮ್ಮೂರಾಗೆ ಒಬ್ಬ ಅಜ್ಜಿ ಇದ್ಲು, ಅವಳು ಕಟ್ಟಿದ ಆಟ ಅಂದೆ. ಎಲ್ಲಾರಿಗೂ ಹಂಗೇ ಹೇಳ್ಕೊಂಡು ಬಂದೀನಿ. ಈ ಬಂದರಿನೂರು ವಾಸ್ಕೋಕ್ಕೆ ಬಂದ ಮೇಲೆ ಪಕ್ಕದ ಮನೆ ಕೊಂಕಣಿ ಹೆಂಗಸರಿಗೂ ಕಲಿಸಿದೆ, ಅವರು ಬಾಯಿ ತಿರುಗದೆ ಆಲಮಾ ಆಲಮಾ ಅಂತಾರೆ, ಅವರಿಗೂ ಅದೇ ಮಾತು ಹೇಳಿದೆ. ಸುಳ್ಳು. ಹಾಲಮ್ಮ ಈ ಆಟ ಕಟ್ಟಲಿಲ್ಲ. ಕಟ್ಟಿದ್ದು ನಮ್ಮಪ್ಪ. ಹಾಲಮ್ಮ ಬರೇ ತನ್ನ ಹೆಸರು ಕೊಟ್ಲು. ಯಾಕೆ ಕೊಟ್ಲು ಅಂತ ಹೇಳಿದ್ರೆ ನಮ್ಮಪ್ಪನ ಮಾನ ಹೋಗ್ತೈತೆ. ಹೇಳದಿದ್ರೆ ನೀವು ಆ ಪುಣ್ಯಾತಗಿತ್ತಿಗೆ ತಲೆ ಇರಲಿಲ್ಲ ಅಂತೀರಿ. ಎರಡರಾಗೆ ಯಾವುದನ್ನ ತಡಕೊಳ್ಳಲಿ ನಾನು, ನೀವೇ ಹೇಳ್ರಿ.

ಹೋಗ್ಲಿ, ಕೇಳ್ರಿ. ನಮ್ಮೂರು ಹೊನ್ನಾಳಿ ಕೆಳಗೆ, ಹೊಳೆ ದಂಡಿಗೆ. ಊರು ಅಂದ್ರೆ ಊರಲ್ಲ, ಒಂದು ದಿಬ್ಬದ ಮೇಲೆ ಒಂದಿಷ್ಟು ಮನೆ. ಮುಂದೆ ತುಂಗಭದ್ರೆ, ಹಿಂದೆ ಒಂದು ಹಳ್ಳ. ನಾವು ಅಂಬಿಗರು. ನಮ್ಮಪ್ಪ ಹನುಮಂತಪ್ಪ ಹರಿಗೋಲು ಹಾಕೋನು. ಹರಿಗೋಲು ನೋಡಿಲ್ಲ ನೀವು, ನೀವು ನೋಡೋದೆಲ್ಲ ಆ ದೊಡ್ಡ ದೊಡ್ಡ ಹಡಗು. ನಮ್ಮದು ಬಿದಿರಿನ ಬುಟ್ಟಿ, ದೊಡ್ಡದು, ಹೊರಗೆ ಚರ್ಮ ಹೊದಿಸಿ ಡಾಂಬರು ಬಳಿದಿರ್ತಿದ್ರು. ನೀರಿನಾಗೆ ಗಿರ್ರ್ ಅಂತ ತಿರುಗೋದು. ಹೊಸಬರು ಕೂತ್ರೆ ವಾಂತಿ ಮಾಡ್ಕೊಳ್ಳೋರು. ಆಕಡೆ ಸಂತೆಗೆ, ಆಸ್ಪತ್ರೆಗೆ, ನ್ಯಾಮತಿ ಕಡೆ ನೆಂಟರ ಮನೆಗೆ, ಯಾರೆಲ್ಲಿ ಹೋಗಬೇಕಂದ್ರೂ ನಮ್ಮಪ್ಪನ ಕೂಗೋರು. ದಾಟಿಸಿದ್ದಕ್ಕೆ ದುಡ್ಡು ಇಸ್ಕೊಳ್ಳೋ ಹಂಗಿರಲಿಲ್ಲ. ಸುಗ್ಗಿಯಾಗೆ ಕಣಕ್ಕೆ ಹೋದ್ರೆ ಪ್ರತಿ ಮನೆಯೋರೂ ಮೊರ ತುಂಬ ಕಾಳು ಹಾಕೋರು, ಅದಕ್ಕೆ ಆಯ ಅಂತಿದ್ರು. ಅದೇ ನಮ್ಮ ಹೊಟ್ಟೆ. ಆ ವರ್ಷ ಏನಾಗಿತ್ತಪ್ಪ ಅಂದ್ರೆ, ಹಿಂದಿನ ಸುಗ್ಗಿನೇ ಸರಿಯಾಗಿರಲಿಲ್ಲ, ಮೊರದ ತುದಿಗೆ ಕಾಳು ಹಾಕಿದ್ರು, ಪಾಪ ಅವರಿಗೇ ಇರಲಿಲ್ಲ. ಸೊಸೈಟಿಯಾಗೆ ಕೊಡೋ ಕೆಂಪು ಜೋಳ ತಂದು ನುಚ್ಚು ಮಾಡಿ ಗಂಜಿ ಕಾಸೋಳು ನಮ್ಮವ್ವ. ಮಣ್ಣು ಮಣ್ಣು ವಾಸನೆ ಅದು. ಅಂಥಾದ್ರಾಗೆ ನನ್ನ ತಮ್ಮ ಹುಟ್ಟಿದ್ದ, ಎದೆಹಾಲಿಗೆ ಅವ್ವ ಗಂಜಿ ಕುಡೀಬೇಕಿತ್ತು, ನಾನು ತಳದಾಗೆ ಉಳಿದದ್ದನ್ನ ಗೋರ್ಕೊಂಡು ತಿಂತಿದ್ದೆ.

ಈಗ ಹಾಲಮ್ಮಜ್ಜಿ. ಮಂಡಕ್ಕಿ ಮಾರೋಳು. ಗಂಡ ಇಲ್ಲ, ಮಕ್ಕಳಿಲ್ಲ, ಒಂದು ಒಲೆ, ಒಂದು ಬಾಣಲೆ, ಒಂದು ಗುಡ್ಡೆ ಮರಳು. ಮರಳು ಕಾಯಿಸಿ ಅಕ್ಕಿ ಹಾಕಿ ಸರ್ರ್ ಅಂತ ತಿರುವಿದ್ಲು ಅಂದ್ರೆ ಮಲ್ಲಿಗೆ ಹೂವು ಅರಳಿದಂಗೆ ಅರಳ್ತಿತ್ತು. ಸಂತೆ ದಿನ ಚೀಲ ತಲೆ ಮೇಲಿಟ್ಕೊಂಡು ಹರಿಗೋಲು ಹತ್ತೋಳು. ಕೂತಕೂಡ್ಲೇ ನನ್ನ ಲಂಗದಾಗೆ ಒಂದು ಬೊಗಸೆ ಸುರಿಯೋಳು. ನಮ್ಮಪ್ಪ, "ಅಜ್ಜೀ, ದಿನಾ ಹಿಂಗೆ ಕೊಟ್ರೆ ನಿನ್ನ ವ್ಯಾಪಾರ ಮುಗೀತು" ಅಂದ್ರೆ, "ಸುಮ್ಕೆ ಹುಟ್ಟು ಹಾಕೋ ಹನುಮಂತ, ನನ್ನ ಚೀಲದ ಭಾರ ಇಳಿಸಾಕತ್ತೀನಿ, ನಿನಗೇ ಹಗುರ" ಅನ್ನೋಳು. ಮಂಡಕ್ಕಿಗೆ ಏನು ಭಾರ ಇರ್ತೈತೆ ಹೇಳ್ರಿ.

ಏನು ಹೇಳ್ತಿದ್ದೆ? ಹಾಂ, ಕಟ್ಟಳೆ. ಇದನ್ನ ಸರಿಯಾಗಿ ಕೇಳ್ರಿ, ಇದು ತಿಳೀಲಿಲ್ಲ ಅಂದ್ರೆ ಮುಂದಿಂದು ಯಾವುದೂ ತಿಳಿಯಂಗಿಲ್ಲ. ಹೊಳೆ ಬಂದು ಊರು ಬಿಡೋ ಹೊತ್ತು ಬಂದ್ರೆ ಅಂಬಿಗನ ಹೆಂಡ್ತಿ ಮಕ್ಕಳು ಕೊನೇ ಹರಿಗೋಲಿಗೆ ಹತ್ತಬೇಕು. ನಮ್ಮ ಮುತ್ತಾತನ ಕಾಲದಿಂದ ನಮ್ಮ ಮನೆ ನಡೆ ಅದು. ಯಾಕಂತೀರಿ? ದೊಡ್ಡಸ್ತಿಕೆಗಲ್ಲ. ಅಂಬಿಗನ ಮಕ್ಕಳು ಇನ್ನೂ ದಿಬ್ಬದ ಮೇಲೆ ಅದಾರೆ ಅಂದ್ರೆ ಹರಿಗೋಲು ಇನ್ನೊಂದು ಸಲ ಬಂದೇ ಬರ್ತೈತೆ. ಬಿಟ್ಟು ಹೋಗ್ತಾನಾ ಅವನು? ಅದಕ್ಕೇ ಜನ ನೂಕಾಡ್ತಿರಲಿಲ್ಲ, ಒಬ್ಬರ ಮೇಲೊಬ್ಬರು ಬಿದ್ದು ಹರಿಗೋಲು ಮುಳುಗಿಸ್ತಿರಲಿಲ್ಲ. ನಮ್ಮವ್ವನ ಮುಖ ನೋಡ್ಕೊಂಡು ನಿಂತಿರೋರು. ಒತ್ತೆ ಇಟ್ಟಂಗೆ. ನಾವೇ ಆ ಊರಿನ ಒತ್ತೆ.

ಆ ಸಲ ಹೊಳೆ ಬೆಳಗಿನ ಜಾವ ಬಂತು. ನಮ್ಮಲ್ಲಿ ಮಳೆನೇ ಇಲ್ಲ, ಮೇಲಗಡೆ ಶಿವಮೊಗ್ಗದ ಕಡೆ ಹುಯ್ದಿತ್ತು. ಕೆಂಪು ನೀರು. ಮುಂದೆ ಹೊಳೆ ಏರಿತು, ಹಿಂದೆ ಹಳ್ಳಕ್ಕೆ ನೀರು ಒತ್ತಿ ಅದೂ ಹೊಳೆನೇ ಆತು, ದಿಬ್ಬ ನಡುಗಡ್ಡೆ ಆತು. ಹಳ್ಳ ದಾಟಿಸಿ ಎತ್ತರದ ರಸ್ತೆಗೆ ಬಿಟ್ರೆ ಅಲ್ಲಿಂದ ಹೊನ್ನಾಳಿಗೆ ನಡಕೊಂಡು ಹೋಗಬಹುದಿತ್ತು. ಅಪ್ಪ ಬೆಳಗಿನಿಂದ ದಾಟಿಸಿದ, ದಾಟಿಸಿದ, ದಾಟಿಸಿದ. ಕೂಸು ಬಾಣಂತಿ, ಮುದುಕರು, ಆಮೇಲೆ ಗಂಡಸರು. ಅಲ್ಲ ಅಲ್ಲ, ಬಾಣಂತಿ ಅಂದ್ರೆ ನಮ್ಮವ್ವನೂ ಬಾಣಂತಿನೇ. ಬೇರೆ ಬಾಣಂತೇರು ಹೋದ್ರು, ನಮ್ಮವ್ವ ಕೂಸು ಎದೆಗವಚಿಕೊಂಡು ಮಾರಮ್ಮನ ಗುಡಿ ಕಟ್ಟೆ ಮೇಲೆ ಕೂತಿದ್ಲು. ಕೊನೆಗೆ ದಿಬ್ಬದ ಮೇಲೆ ಉಳಿದೋರು ಯಾರು? ನಾವು ಮೂರು ಜನ, ಅವ್ವ, ತಮ್ಮ, ನಾನು. ಆಮೇಲೆ ಹಾಲಮ್ಮಜ್ಜಿ. ಗುಡಿ ಪೂಜಾರಿ ಸಿದ್ದಪ್ಪ, ಅವನ ಹೆಂಡ್ತಿ ಬಸಮ್ಮ. ಪೂಜಾರಿ ದೇವರನ್ನ ಬಿಟ್ಟು ಬರಲ್ಲ ಅಂತ ಹಟ ಮಾಡಿ ಅಷ್ಟೊತ್ತು ತಡ ಮಾಡಿದ್ದ, ಹಾಲಮ್ಮಜ್ಜಿ ಒಲೆ ಬಿಟ್ಟು ಬರಲ್ಲ ಅಂತ.

ಅಪ್ಪ ವಾಪಸ್ ಬಂದ. ಬಂದ, ಆದ್ರೆ ಹರಿಗೋಲು ಸರಿಯಿರಲಿಲ್ಲ. ತೇಲಿ ಬಂದ ಮರದ ದಿಮ್ಮಿ ಬಡಿದು ಒಂದು ಕಡೆ ಚರ್ಮ ಹರಿದಿತ್ತು, ತಲೆಗೆ ಸುತ್ತಿದ್ದ ಟವಲ್ಲು ತುರುಕಿದ್ದ, ಅದರ ಸಂದಿಯಾಗೆ ನೀರು ಚಿಮ್ಮೋದು. ಆರೂ ಜನ ಒಟ್ಟಿಗೆ ಹತ್ತಿದ್ರೆ ಮುಳುಗ್ತೈತೆ, ಅದು ನನಗೂ ಕಾಣ್ತಿತ್ತು. ಕಟ್ಟಳೆ ಪ್ರಕಾರ ಅವರು ಮೂರು ಜನ ಈಗ, ನಾವು ಕೊನೆಗೆ. ಹಾಲಮ್ಮಜ್ಜಿ ಮಂಡಕ್ಕಿ ಚೀಲ ತಲೆ ಮೇಲಿಟ್ಕೊಂಡು ಆಗಲೇ ಒಂದು ಕಾಲು ಹರಿಗೋಲಿನಾಗೆ ಇಟ್ಟಿದ್ಲು. ಅಪ್ಪ ಒಂದು ಸಲ ನೀರು ನೋಡಿದ. ಒಂದು ಸಲ ಆ ಹರಿದ ಚರ್ಮ ನೋಡಿದ. ಇನ್ನೊಂದು ಸುತ್ತು ಬರಾಕೆ ಆಗಲ್ಲ ಅಂತ ಗೊತ್ತಾತು ಅವನಿಗೆ. ಗೊತ್ತಾಗಿದ್ದು ಮುಖದಾಗೆ ಕಾಣ್ತು, ಅವನ ಮಗಳಲ್ವಾ ನಾನು, ನನಗೆ ಕಾಣ್ತು. ಹಾಲಮ್ಮಜ್ಜಿ ಕಡೆ ನೋಡದೇನೇ ಅಂದ,

"ಅಜ್ಜೀ, ಇಳಿ."

ಅಷ್ಟೇ. ಇಳಿ. ಅವ್ವ, "ಏನ್ರೀ ಇದು, ನಾವು ಕೊನೆಗಲ್ವಾ" ಅಂದ್ಲು. ಅಪ್ಪ ಅವಳ ರಟ್ಟೆ ಹಿಡಿದು ಎಳೆದು ಕೂರಿಸಿದ. ಅವ್ವ ಕೂಸು ಹೋಗ್ಲಿ, ಅದಕ್ಕೆ ಯಾರೂ ಬ್ಯಾಡ ಅಂತಿರಲಿಲ್ಲ. ಆದ್ರೆ ನಾನು? ನಾನು ಹನ್ನೊಂದು ವರ್ಷದ ಗಟ್ಟಿ ಹುಡುಗಿ, ಈಜು ಬರ್ತಿತ್ತು, ಗುಡಿ ಮೇಲೆ ಹತ್ತಾಕೂ ಬರ್ತಿತ್ತು. ನಾನೊಬ್ಬಳು ಅಲ್ಲಿ ಉಳಿದಿದ್ರೆ ಆ ಮೂರು ಜನಕ್ಕೆ, ಹನುಮಂತ ಬರ್ತಾನೆ, ಮಗಳು ಇಲ್ಲೇ ಅದಾಳೆ ಅಂತ ಧೈರ್ಯ ಇರ್ತಿತ್ತು. ಅಪ್ಪ ನನ್ನ ಜಡೆ ಹಿಡಿದು ಎಳೆದ. ನಾನು ಬರಲ್ಲ ಅಂತ ಅನ್ನಲಿಲ್ಲ. ಖುಷಿನೇ ಆತು ಅನ್ರಿ, ಅಷ್ಟು ಭಯ ಆಗಿತ್ತು. ಹಾಲಮ್ಮಜ್ಜಿ ಕಾಲು ತೆಗೆದಿದ್ದ ಜಾಗದಾಗೇ ಕೂತೆ. ಅಜ್ಜಿ ಬೈಯ್ಯಲಿಲ್ಲ, ಅಳಲಿಲ್ಲ. ತಲೆ ಮೇಲಿನ ಚೀಲ ತೆಗೆದು ನನ್ನ ತೊಡೆ ಮೇಲಿಟ್ಲು. "ಹಸಿವಾದ್ರೆ ತಿನ್ನು ಗಂಗಿ" ಅಂದ್ಲು. ಹಿಂದಿಂದ ಬಸಮ್ಮ ಕಿರುಚ್ತಿದ್ಲು, "ಒತ್ತೆ ಹೊತ್ಕೊಂಡು ಹೊಂಟ್ಯಲ್ಲೋ ಹನುಮಂತ, ಇನ್ಯಾಕೆ ಬರ್ತೀಯ ನೀನು!" ಅಂತ.

ದಂಡೆ ಸೇರೋ ಹೊತ್ತಿಗೆ ಹರಿಗೋಲು ಅರ್ಧ ನೀರು. ಇಳಿಯೋದೇ ತಡ, ಚರ್ಮ ಪರ್ರ್ ಅಂತ ಬಿಟ್ಕೊಂಡ್ತು. ಅಪ್ಪ ಈಜ್ಕೊಂಡೇ ಹೋಗ್ತೀನಿ ಅಂತ ಹಾರಿದ, ನಾಕು ಜನ ಹಿಡಿದು ಮೇಲಕ್ಕೆ ಎಳೆದ್ರು. ಮತ್ತೆ ಹಾರಿದ, ಮತ್ತೆ ಎಳೆದ್ರು. ನಾವೆಲ್ಲ ರಸ್ತೆ ಬದಿ ಹುಣಸೆ ಮರದ ಕೆಳಗೆ. ದೂರದಾಗೆ ಗುಡಿ ಮಾಳಿಗೆ ಮೇಲೆ ಮೂರು ಚುಕ್ಕಿ ಕಾಣೋವು. ಅವಾಗ ನಾನು ಏನು ಮಾಡ್ತಿದ್ದೆ ಗೊತ್ತೇನ್ರೋ? ಮಂಡಕ್ಕಿ ತಿಂತಿದ್ದೆ. ಹಿಂದಿನ ದಿನದಿಂದ ಹೊಟ್ಟೆಗೆ ಏನೂ ಇರಲಿಲ್ಲ. ಅವರನ್ನ ನೋಡ್ಕೊಂಡೇ ಬೊಗಸೆ ಬೊಗಸೆ ತಿಂದೆ. ರುಚಿ ಇತ್ತು. ಅದೇ, ಅದೇ ನೋಡು ನನಗೆ ಇವತ್ತಿಗೂ... ಹೋಗ್ಲಿ ಬಿಡು. ನಿಮ್ಮಮ್ಮ ಸಂಜೆ ಮಂಡಕ್ಕಿ ಒಗ್ಗರಣೆ ಮಾಡಿದ್ರೆ ನನಗೆ ಬ್ಯಾಡ, ಹಲ್ಲಿಲ್ಲ ಅಂತೀನಲ್ಲ, ಮಂಡಕ್ಕಿಗೆ ಹಲ್ಲು ಬೇಕೇನ್ರೋ?

ಮಾರನೇ ದಿನ ನೀರು ಸ್ವಲ್ಪ ನಿಂತ್ಕಂತು. ಯಾರದೋ ಎಮ್ಮೆ ಚರ್ಮ ತಂದು ಹೊಲಿದು, ಡಾಂಬರು ಕಾಸಿ ಬಳಿದು, ಅದು ಆರೋ ಮುಂಚೆನೇ ಅಪ್ಪ ನೂಕ್ಕೊಂಡು ಹೋದ. ಬದುಕಿದ್ರು, ಮೂರೂ ಜನ ಬದುಕಿದ್ರು, ಮಾರಮ್ಮ ದೊಡ್ಡೋಳು. ಮಾಳಿಗೆ ಮೇಲೆ ಮೊಳಕಾಲುದ್ದ ನೀರಿನಾಗೆ ಒಬ್ಬರನ್ನೊಬ್ಬರು ಹಿಡ್ಕೊಂಡು ನಿಂತಿದ್ರಂತೆ. ಅಪ್ಪ ಹತ್ತಿರ ಹೋಗಿ ತಲೆ ಎತ್ತದೆ ನಿಂತ್ನಂತೆ. ಹಾಲಮ್ಮಜ್ಜಿ ಗದಗದ ನಡುಗ್ತಾ, "ಬಂದ್ಯಾ? ನನ್ನ ಮಂಡಕ್ಕಿ ಮೆತ್ತಗಾಗಿಲ್ಲ ತಾನೆ?" ಅಂದ್ಲಂತೆ.

ಹೊನ್ನಾಳಿ ಸ್ಕೂಲಿನಾಗೆ ನಮ್ಮನ್ನ ಇಟ್ಟಿದ್ರು. ಗಂಜಿ ಕೇಂದ್ರ. ದೊಡ್ಡ ಹಂಡೆಯಾಗೆ ಗಂಜಿ, ಉಪ್ಪಿನಕಾಯಿ. ಸತ್ಯ ಹೇಳ್ತೀನಿ, ಮನೆಯಾಗಿಂತ ಚೆನ್ನಾಗಿತ್ತು ಊಟ. ಆದ್ರೆ ಸಾಲಿನಾಗೆ ನಿಂತಾಗ ಬಸಮ್ಮ ಎಲ್ಲಾರಿಗೂ ಕೇಳೋ ಹಂಗೆ, "ದಾರಿ ಬಿಡ್ರವ್ವ, ಅಂಬಿಗನ ಹೆಂಡ್ತಿ ಮೊದ್ಲು ಹೋಗ್ಲಿ, ಅವಳಿಗೆ ಯಾವಾಗ್ಲೂ ಅವಸರ" ಅಂದ್ಲು. ಅವ್ವ ತಟ್ಟೆ ಹಿಡ್ಕೊಂಡು ಹಂಗೇ ವಾಪಸ್ ಬಂದ್ಲು. ಬಸಮ್ಮಂದೇನು ತಪ್ಪು? ಇಡೀ ರಾತ್ರಿ ನೀರಿನಾಗೆ ನಿಂತೋಳು. ಉಳಿದೋರು ಬೈಯ್ಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಅಪ್ಪಂಗೆ ಬೀಡಿ ಕೊಡೋರು, ಹೆಗಲು ತಟ್ಟೋರು, ನಿನ್ನ ಜಾಗದಾಗೆ ಯಾರಿದ್ರೂ ಹಂಗೇ ಮಾಡ್ತಿದ್ರು ಅನ್ನೋರು. ಅದು ಅವನಿಗೆ ಚುಚ್ಚೋದು. ಊಟಕ್ಕೆ ಏಳ್ತಿರಲಿಲ್ಲ. ಎಲ್ಲಾರದೂ ಆದ ಮೇಲೆ ಹಂಡೆ ತಳದಾಗೆ ಇದ್ರೆ ತಿನ್ನೋನು, ಇಲ್ಲ ಅಂದ್ರೆ ಇಲ್ಲ. ಒಂದಿನ ಅವ್ವನ ಹತ್ರ ಅಂದ, "ನೀರು ಇಳಿದ ಮೇಲೆ ಹರಿಗೋಲು ಸುಟ್ಟು ಹಾಕ್ತೀನಿ. ಚನ್ನಗಿರಿ ಕಡೆ ಕೂಲಿಗೆ ಹೋಗಣ. ನನ್ನ ಹರಿಗೋಲಿಗೆ ಇನ್ಯಾರು ಕಾಲಿಡ್ತಾರೆ?" ಅವ್ವ, "ಬಾಣಂತಿ ನಾನು, ಕೈಯಾಗೆ ಕೂಸು ಇಟ್ಕೊಂಡು ಎಲ್ಲಿ ಕೂಲಿ ಮಾಡಲಿ? ಸುಗ್ಗಿ ಆಯ ಬಿಟ್ರೆ ಈ ಮಕ್ಕಳಿಗೆ ಏನು ಹಾಕಲಿ?" ಅಂತ ಸೆರಗು ಕಚ್ಕೊಂಡು ಅತ್ಲು. ನಾನು ಮಗ್ಗುಲಾಗೇ ಮಲಗಿದ್ದೆ, ಕಣ್ಣು ಮುಚ್ಕೊಂಡು. ಇದಕ್ಕೆಲ್ಲ ನಾನೇ ಕಾರಣ, ನಾನು ಬರಲ್ಲ ಅಂದಿದ್ರೆ ಆಗ್ತಿತ್ತಲ್ಲ ಅಂತ ಅನ್ನಿಸ್ತು. ಹನ್ನೊಂದು ವರ್ಷದೋಳ ಮಾತು ಯಾರು ಕೇಳ್ತಿದ್ರು, ಅದೂ ಗೊತ್ತು. ಗೊತ್ತಿದ್ರೂ ಅನ್ನಿಸ್ತು.

ನಾವು ಹುಡುಗ್ರು ಅಲ್ಲಿ ದಿನಾ ಏನು ಮಾಡಬೇಕು? ಇದ್ದಿಲು ತಗೊಂಡು ಸ್ಕೂಲಿನ ಚಪ್ಪಡಿ ಮೇಲೆ ಚೌಕಾಬಾರ ಬರೆದು ಆಡ್ತಿದ್ವಿ. ಹುಣಸೆ ಬೀಜ ಒಂದು ಮಗ್ಗುಲು ಉಜ್ಜಿ ಅದೇ ಕವಡೆ. ಒಬ್ಬರ ಕಾಯಿ ಕಡಿದ್ರೆ ನಮ್ಮೂರಾಗೆ, "ಇಳಿ, ಇಳಿ!" ಅಂತ ಕೂಗೋದು, ಅವರ ಕಾಯಿ ಕೆಳಗಿಳಿದು ತನ್ನ ಕಟ್ಟೆಗೆ ಹೋಗಬೇಕು. ನಾನು ಒಂದು ಹುಡುಗಿ ಕಾಯಿ ಕಡಿದೆ. ಜೋರಾಗಿ ಕೂಗಿದೆ, "ಇಳಿ! ಇಳಿ! ಇಳಿ!" ಅಂತ. ಗೋಡೆಗೆ ಒರಗಿದ್ದ ಅಪ್ಪ ದಡಕ್ಕನೆ ಎದ್ದ. ಬಂದೋನೇ ಕಾಲಿನಾಗೆ ಮನೆ ಎಲ್ಲ ಉಜ್ಜಿ ಉಜ್ಜಿ ಅಳಿಸಿ ಹಾಕಿದ. ಬೀಜ ಕಿಟಕಿ ಆಚೆ ಎಸೆದ. ಹುಡುಗ್ರೆಲ್ಲ ಓಡಿಹೋದ್ರು. ನಾನೊಬ್ಬಳೇ ಅಲ್ಲೇ ಕೂತೆ. ಕೈಯೆಲ್ಲ ಇದ್ದಿಲು. ಅಪ್ಪನ ಅಂಗಾಲೂ ಕಪ್ಪಗಾಗಿತ್ತು.

ಆಮೇಲೆ ಒಂದು ಮಧ್ಯಾಹ್ನ, ಅವನೇ ಬಂದ. ಇದ್ದಿಲು ಇಸ್ಕೊಂಡ. ಅವನೇ ಚಪ್ಪಡಿ ಮೇಲೆ ಮನೆ ಬರೆದ, ಗೆರೆ ನೆಟ್ಟಗೆ. ಹುಡುಗ್ರನ್ನ ಕರೆದ. "ಇವತ್ತಿಂದ ಕಡಿಯೋದಿಲ್ಲ" ಅಂದ. "ಇನ್ನೊಬ್ಬರ ಕಾಯಿ ಮೇಲೆ ಬಂದ್ರೆ ಹತ್ತಿಸ್ಕೊಂಡು ಹೋಗಬೇಕು. ನಡುಮನೆಯಾಗೆ ಬಿಟ್ಟು ಹಿಂದಕ್ಕೆ ಬರಬೇಕು. ಕೊನೆಗೆ ಯಾರು ಉಳೀತಾರೋ ಅವರು ಗೆದ್ರು." ಹುಡುಗ್ರಿಗೆ ಮೊದ್ಲು ತಿಳೀಲಿಲ್ಲ. ಆಮೇಲೆ ನೋಡ್ರಿ ಮಜಾ, ಎಲ್ಲಾರೂ ಗೆಲ್ಲಬೇಕಲ್ಲ, ಒಬ್ಬರನ್ನೊಬ್ಬರು ಅಟ್ಟಿಸ್ಕೊಂಡು ಹೋಗಿ ಹೊತ್ತು ಒಳಗೆ ಹಾಕೋದು! ಒಳಗೆ ಹೋದೋರು, "ಅಯ್ಯೋ ನನ್ನ ಬದುಕಿಸಿಬಿಟ್ಟ, ಅಯ್ಯೋ ಹಾಳಾದೋನು ಬದುಕಿಸಿಬಿಟ್ಟ!" ಅಂತ ಎದೆ ಬಡ್ಕೊಳ್ಳೋರು. ದೊಡ್ಡೋರೂ ಬಂದು ಸುತ್ತ ನಿಂತು ನಗೋರು. ಅಪ್ಪ ನಗಲಿಲ್ಲ.

ಮಾರನೇ ದಿನ ಹಾಲಮ್ಮಜ್ಜಿ ಬಂದು ಪಟ್ಟಾಗಿ ಕೂತ್ಲು. "ನನಗೂ ಒಂದು ಕಟ್ಟೆ ಕೊಡ್ರಿ. ಹನುಮಂತ, ಬಾ, ಎದುರಿಗೆ ಕೂತ್ಕೊ" ಅಂದ್ಲು. ಅಪ್ಪ ಬರಲ್ಲ ಅಂದ. "ಬಾರೋ. ಮಾಳಿಗೆ ಮೇಲೆ ನಿಂತಿದ್ದೋಳು ನಾನು, ನಿನಗೇನು ಕಾಲು ನೋವು?" ಅಪ್ಪ ಕೂತ. ಅಪ್ಪಂದು ಡಾಂಬರು ಚೂರು ಕಾಯಿ, ಅಜ್ಜಿದು ಅವಳ ಎಲೆ ಅಡಕೆ ಚೀಲದ ಅಡಕೆ ಚೂರು, ನಂದು ಬಳೆ ಚೂರು. ಇನ್ನೊಂದು ಕಟ್ಟೆಗೆ, ಯಾರು ಬಂದು ಕೂತ್ರು ಅಂತೀರಿ? ಬಸಮ್ಮ! ಮುಖ ಊದಿಸ್ಕೊಂಡು, ಸೀಮೆಸುಣ್ಣದ ಚೂರು ಹಿಡ್ಕೊಂಡು. ಆಟ ನಡೀತು. ಅಜ್ಜಿ ತನ್ನ ಕಾಯಿ ಹಣ್ಣಾದಂಗೆಲ್ಲ ಎತ್ತಿ ಬಾಯಿಗೆ ಹಾಕ್ಕೊಳ್ಳೋಳು. "ಹಣ್ಣಾದ ಮೇಲೆ ತಿನ್ನಬೇಕಲ್ಲ, ಇಟ್ಕೊಂಡು ಏನು ಪೂಜೆ ಮಾಡಲಾ?" ಅನ್ನೋಳು. ಬಸಮ್ಮಂಗೂ ನಗು ತಡೀಲಿಲ್ಲ. ನನ್ನ ಬಳೆ ಚೂರು ಎಲ್ಲ ಅಜ್ಜಿನೇ ಹೊತ್ತು ಒಳಗೆ ಹಾಕಿದ್ಲು. ಬಸಮ್ಮಂದೂ ಮುಗೀತು. ಕೊನೆಗೆ ಉಳಿದದ್ದು ಅಜ್ಜಿದು ಒಂದು ಅಡಕೆ, ಅಪ್ಪಂದು ಒಂದು ಡಾಂಬರು.

ಅಪ್ಪ ಬೀಜ ಎಸೆದ. ಗರ ಬಿತ್ತು. ಸರಿಯಾಗಿ ಅಜ್ಜಿ ಕಾಯಿ ಇರೋ ಮನೆ! ನಡೆಸಿದ್ರೆ ಗೆದ್ದಂಗೆ. ಅಪ್ಪ ಕಾಯಿ ಮುಟ್ಟಲಿಲ್ಲ. ಕೈ ಮುಂದಕ್ಕೆ ಬಂತು, ಅಲ್ಲೇ ನಿಂತ್ಕಂತು. ಯಾರೋ, "ನಡೆಸೋ ಮಾರಾಯ" ಅಂದ್ರು. ಇಲ್ಲ. ಹಾಲಮ್ಮಜ್ಜಿ ಬಗ್ಗಿ ಅವನ ಮುಖ ನೋಡಿದ್ಲು. ಮೆತ್ತಗೆ ಅಂದ್ಲು,

"ಅವತ್ತು ಇಳಿ ಅಂದೆ, ಇಳಿದೆ. ಇವತ್ತು ಹತ್ತು ಅನ್ನು, ಹತ್ತೀನಿ."

ಅಪ್ಪ ತಲೆ ಎತ್ತಿ ಅಜ್ಜಿನ ನೋಡಿದ. ಆಮೇಲೆ, "ಹತ್ತಜ್ಜಿ" ಅಂದ. ಅಂದ್ಬಿಟ್ಟು ಅತ್ತ. ನಮ್ಮಪ್ಪ ಅಳೋದನ್ನ ಅದೇ ಮೊದ್ಲು ನಾನು ನೋಡಿದ್ದು. ಅಳ್ತಾನೇ ಆ ಡಾಂಬರು ಚೂರು ನಡೆಸಿ, ಅಡಕೆ ಕರ್ಕೊಂಡು, ನಡುಮನೆಗೆ ಬಿಟ್ಟ. ಅಜ್ಜಿ ಅದನ್ನೂ ಎತ್ತಿ ಬಾಯಿಗೆ ಹಾಕ್ಕೊಂಡ್ಲು. "ಒಗರು" ಅಂದ್ಲು.

ಜನ ಎಲ್ಲ ಹೋ ಅಂತ ಕೂಗಿದ್ರು. ಅಂಬಿಗ ಗೆದ್ದ, ಅಂಬಿಗ ಗೆದ್ದ! ಪೂಜಾರಿ ಸಿದ್ದಪ್ಪ, "ಇನ್ನು ಇದಕ್ಕೆ ಅಂಬಿಗನಾಟ ಅಂತ ಹೆಸರಿಡಣ" ಅಂದ. ಒಳ್ಳೇ ಮನಸ್ಸಿನಿಂದಲೇ ಅಂದ ಪಾಪ. ಅಪ್ಪನ ಮುಖ ಮತ್ತೆ ಬಿಳಿಚಿಕೊಂಡ್ತು. ಹಾಲಮ್ಮಜ್ಜಿ ತಕ್ಷಣ, "ಯಾಕೆ? ಅವನು ಗೆದ್ದ, ಗೆದ್ದಿದ್ದೂ ಅವನಿಗೆ, ಹೆಸರೂ ಅವನಿಗೇ? ಸೋತೋಳು ನಾನು, ಹೆಸರಾದ್ರೂ ನನಗೆ ಕೊಡ್ರಿ. ಹಾಲಮ್ಮನಾಟ ಅನ್ರಿ" ಅಂದ್ಲು. ಎಲ್ಲಾರೂ ನಕ್ಕು ಹಂಗೇ ಆಗ್ಲಿ ಅಂದ್ರು. ಅವಳಿಗೆ ಹೆಸರಿನ ಆಸೆ ಅಂತ ನಾನೂ ಅಂದ್ಕೊಂಡೆ. ಸಂಜೆ ಅವ್ವನ ತಲೆಗೆ ಎಣ್ಣೆ ಹಚ್ತಾ ಹೇಳಿದ್ಲು, ನಾನು ಕೇಳಿಸ್ಕೊಂಡೆ. "ನೋಡವ್ವ, ಅಂಬಿಗನಾಟ ಅಂದ್ರೆ, ಯಾವ ಅಂಬಿಗ, ಯಾಕೆ ಕಟ್ಟಿದ ಅಂತ ಕೇಳ್ತಾರೆ. ಮೊಮ್ಮಕ್ಕಳ ಕಾಲಕ್ಕೂ ಅದೇ ಕತೆ ಎಬ್ಬಿಸ್ತಾರೆ. ಹಾಲಮ್ಮನಾಟ ಅಂದ್ರೆ ಯಾರು ಕೇಳ್ತಾರೆ? ಯಾವಳೋ ಮುದುಕಿ ಇದ್ಲು, ಅವಳಾಟ, ಮುಗೀತು. ನೀನೂ ಹೇಳಬ್ಯಾಡ, ಹುಡುಗಿಗೂ ಹೇಳು." ಅವ್ವ ನನ್ನ ಕಡೆ ತಿರುಗಿ ಕೈ ಮುಂದೆ ಮಾಡಿದ್ಲು. ನಾನು ಕೈ ಮೇಲೆ ಕೈ ಹಾಕಿದೆ. ಇವತ್ತು ಮುರಿದೆ.

ನೀರು ಇಳಿದ ಮೇಲೆ ಊರಿಗೆ ವಾಪಸ್ ಹೋಗೋ ದಿನ ಹಳ್ಳದಾಗೆ ಇನ್ನೂ ಎದೆಮಟ್ಟ ನೀರು. ಅಪ್ಪ ಹರಿಗೋಲು ಹಿಡ್ಕೊಂಡು ನಿಂತ. ಯಾರಾದ್ರೂ ಹತ್ತುತಾರೋ ಇಲ್ಲವೋ ಅಂತ ಅವನ ಜೀವ ಕೈಯಾಗೆ. ಮೊದ್ಲು ಕಾಲಿಟ್ಟೋಳು ಹಾಲಮ್ಮಜ್ಜಿ. ಅವಳ ಹಿಂದೆ ಬಸಮ್ಮ. ಆಮೇಲೆ ಊರೇ ಹತ್ತಿತು. ಅವ್ವ, ನಾನು, ತಮ್ಮ ಕೊನೆಗೆ. ಸುಗ್ಗಿಯಾಗೆ ಕಣಕ್ಕೆ ಹೋದ್ರೆ, ಇದ್ದಷ್ಟರಾಗೆ ಎಲ್ಲಾರೂ ಆಯ ಹಾಕಿದ್ರು, ಬಸಮ್ಮ ಮೊರ ತುಂಬಿ ಚೆಲ್ಲೋ ಹಂಗೆ ಹಾಕಿದ್ಲು. ಅಪ್ಪ ಅದನ್ನ ಹೊರಲಾರದೆ ಹೊತ್ಕೊಂಡು ಬಂದ. ಅಲ್ಲಿಂದ ಅವನು ಸಾಯೋವರೆಗೂ ನಾವು ಕೊನೇ ಹರಿಗೋಲು ಬಿಟ್ಟು ಬೇರೆ ಹತ್ತಲಿಲ್ಲ. ನನ್ನ ಮದುವೆ ದಿನನೂ! ಜಗಳೂರು ಕಡೆಯೋರು ನಿಮ್ಮಜ್ಜನ ಮನೆಯೋರು, ಅಲ್ಲಿ ಹೊಳೆ ಎಲ್ಲೈತೆ, ಹರಿಗೋಲು ಅಂದ್ರೇನೇ ಗೊತ್ತಿಲ್ಲ ಅವರಿಗೆ. ದಿಬ್ಬಣ ಎಲ್ಲ ದಾಟಿ ಆಕಡೆ ಬಿಸಿಲಿನಾಗೆ ನಿಂತೈತೆ, ಮದುಮಗಳು ಈಕಡೆ. ಮಾವ ಆಕಡೆಯಿಂದ, "ಹೆಣ್ಣು ಕೊಡ್ತೀರೋ ಇಲ್ಲವೋ!" ಅಂತ ಕೂಗಿದ. ಕಡೇ ಹರಿಗೋಲಿನಾಗೆ ನಾನು, ಅವ್ವ, ಹಾಲಮ್ಮಜ್ಜಿ. ಅಷ್ಟೊತ್ತಿಗೆ ಅವಳಿಗೆ ಕಣ್ಣು ಮಂಜಾಗಿತ್ತು. ನನ್ನ ಮಡಿಲಾಗೆ ಅಕ್ಕಿ ಬೆಲ್ಲದ ಮೇಲೆ ಒಂದು ಗಂಟು ಇಟ್ಲು. ಮಂಡಕ್ಕಿ. ಅಷ್ಟು ವರ್ಷದಾಗೆ ಒಂದೇ ಒಂದು ಸಲ, ಅವತ್ತೇ ಅವಳು ಕೇಳಿದ್ದು, "ಗಂಗೀ, ಅವತ್ತು ಕೊಟ್ಟ ಮಂಡಕ್ಕಿ ತಿಂದ್ಯಾ?" ನಾನು ತಲೆ ತಗ್ಗಿಸಿ, "ಹೂಂ ಅಜ್ಜಿ" ಅಂದೆ. "ಉಪ್ಪು ಸಾಕಾಗಿತ್ತಾ? ಅವತ್ತು ಅವಸರದಾಗೆ ಹುರಿದಿದ್ದೆ." ನಾನೇನು ಹೇಳಲಿ? ಸಾಕಾಗಿತ್ತು ಅಂದೆ. ಬೇರೆ ಏನೋ ಹೇಳಬೇಕಿತ್ತು, ಕಾಲು ಹಿಡ್ಕೊಬೇಕಿತ್ತು, ದಂಡೆ ಬಂದ್ಬಿಡ್ತು. ನಾನು ಜಗಳೂರಿಗೆ ಹೋದೆ, ಅಲ್ಲಿಂದ ನಿಮ್ಮಜ್ಜನ ಬಂದರಿನ ಕೆಲಸ ಅಂತ ಇಲ್ಲಿಗೆ ಬಂದೆ, ಅವಳು ಹೋದ ಸುದ್ದಿ ಕಾರ್ಯ ಎಲ್ಲ ಮುಗಿದ ಮೇಲೆ ಬಂತು. ಮೊನ್ನೆ ಬಸ್ಸಿನಾಗೆ ಒಂದು ಹುಡುಗಿ ಎದ್ದು, "ಆಜ್ಜೀ ಬಸ್" ಅಂತ, ಕೂತ್ಕೊ ಅಜ್ಜಿ ಅಂತ, ಜಾಗ ಕೊಟ್ಲಲ್ಲ ಅನೂ, ನಾನು ಕೂರಲಿಲ್ಲ ಅಂತ ನೀನು ಸಿಟ್ಟಾದೆಯಲ್ಲ. ಕಾಲು ಬಿದ್ದು ಹೋಗೋ ಹಂಗಿತ್ತು. ಆದ್ರೆ ಯಾರಾದ್ರೂ ಎದ್ದ ಜಾಗ ಕಂಡ್ರೆ ನನಗೆ ಕೂರಾಕೆ ಆಗಲ್ಲ ಕಣವ್ವ.

ಅಪ್ಪ, ತಪ್ಪಾತು. ಹೇಳಬಾರದಿತ್ತು, ಹೇಳಿದೆ. ಅವಳಿಗೆ ತಲೆ ಇರಲಿಲ್ಲ ಅಂದ್ರಲ್ಲ ಈ ಹುಡುಗ್ರು, ತಡ್ಕೊಳ್ಳಾಕೆ ಆಗಲಿಲ್ಲ. ಏನಪ್ಪ ಸುಮಂತ, ಯಾಕೆ ಹಂಗೆ ನೋಡ್ತೀಯ? ಇಲ್ಲ, ಹೆಸರು ಬದಲಾಯಿಸೋದೇನೂ ಬ್ಯಾಡ. ಕೊಂಕಣಿಯೋರಿಗೂ ಹೇಳಬ್ಯಾಡ್ರಿ. ಹಾಲಮ್ಮನಾಟನೇ ಅದು. ಏಳ್ರಿ ಇನ್ನ, ದೀಪ ಹಚ್ಚೋ ಹೊತ್ತಾತು, ಈ ಹೊತ್ತಿನಾಗೆ ಕವಡೆ ಹರಡಬಾರದು. ಎತ್ತಿಡೋವಾಗ ಮೊದ್ಲು ಅನೂನ ಕಾಯಿ ಡಬ್ಬಿಗೆ ಹಾಕು, ನಿಂದು ಕೊನೆಗೆ. ಒಳಗೆ ಹೋಗೋನು ಬಾಗಿಲು ಹಾಕೋ ಮುಂಚೆ, ಹೊರಗೆ ಯಾರಾದ್ರೂ ಉಳಿದಾರಾ ಅಂತ ಒಂದು ಸಲ ಹಿಂದೆ ತಿರುಗಿ ನೋಡಬೇಕಪ್ಪ, ಅಷ್ಟೇ.